ಡಬ್ಬಿ ಯಾರ ಕೈಯಿಂದ ಬಂತು? ಮನೆಯಲ್ಲೇ ಗರ್ಭಧಾರಣೆ ಮಾಡಿಕೊಂಡ ಒಂದು ಪ್ರಕರಣ

ಇಬ್ಬರು ಹೆಂಗಸರಿಗೆ ಮಗು ಬೇಕಿತ್ತು. ಒಬ್ಬ ಗಂಡಸು ವೀರ್ಯ ಕೊಡಲು ಒಪ್ಪಿದ. ಮೂವರೂ ಸೇರಿ ಒಪ್ಪಂದ ಬರೆದು ಸಹಿ ಹಾಕಿದರು. ಮಗು ಹುಟ್ಟಿತು. ಮೂವರಲ್ಲಿ ಯಾರೂ ಇನ್ನೊಬ್ಬರ ಮೇಲೆ ದೂರು ಕೊಡಲಿಲ್ಲ. ಆದರೂ ವಿಷಯ ಕೋರ್ಟಿಗೆ ಹೋಯಿತು, ನಾಲ್ಕು ವರ್ಷ ಎಳೆಯಿತು.

ಇದು ನಡೆದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ರಾಜಧಾನಿ ಟೊಪೀಕದಲ್ಲಿ. ಮನೆಯಲ್ಲೇ ಗರ್ಭಧಾರಣೆ ಮಾಡಿಕೊಳ್ಳುವವರಿಗೆ ಕ್ಲಿನಿಕ್‌ಗಳು ವೀರ್ಯ ಕೊಡಬಹುದೇ, ಕೊಟ್ಟರೆ ಯಾವ ನಿಯಮದ ಮೇಲೆ ಕೊಡಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಪ್ರಕರಣ. ಯಾಕೆಂದರೆ ಇದರಲ್ಲಿ ಕ್ಲಿನಿಕ್ಕೇ ಇಲ್ಲ. ಅದು ಇಲ್ಲದೇ ಹೋದದ್ದರಿಂದ ಏನೇನಾಯಿತು ಎಂದು ನೋಡಿದರೆ, ಇದ್ದಿದ್ದರೆ ಏನು ಕೆಲಸ ಮಾಡುತ್ತಿತ್ತು ಎಂಬುದು ಚೆನ್ನಾಗಿ ಗೊತ್ತಾಗುತ್ತದೆ. ಇದರಲ್ಲಿರುವವರ ಹೆಸರುಗಳೆಲ್ಲ ಪತ್ರಿಕೆಗಳಲ್ಲಿ ಬಂದಿವೆ. ಆದರೂ ನಾನು ಬರೆಯುವುದಿಲ್ಲ. ಆ ಮಗು ಈಗ ಹದಿಹರೆಯದ ಹುಡುಗಿ.

ನಡೆದದ್ದು

2009. ಆ ಇಬ್ಬರು ಹೆಂಗಸರು ಎಷ್ಟೋ ವರ್ಷಗಳಿಂದ ಒಟ್ಟಿಗೆ ಸಂಸಾರ ಮಾಡುತ್ತಿದ್ದವರು. ಕಾನ್ಸಾಸ್‌ನಲ್ಲಿ ಅವರು ಮದುವೆಯಾಗುವಂತಿರಲಿಲ್ಲ. 2005ರಲ್ಲೇ ರಾಜ್ಯದ ಸಂವಿಧಾನ ತಿದ್ದಿ ಇಬ್ಬರು ಹೆಂಗಸರ ಅಥವಾ ಇಬ್ಬರು ಗಂಡಸರ ಮದುವೆಯನ್ನು ನಿಷೇಧಿಸಿದ್ದರು. ಈ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರು ಕ್ರೇಗ್ಸ್‌ಲಿಸ್ಟ್ ಎಂಬ ಜಾಹೀರಾತು ತಾಣದಲ್ಲಿ ವೀರ್ಯದಾನಿ ಬೇಕೆಂದು ಹಾಕಿದರು. ಅದೇ ಊರಿನ ಒಬ್ಬ ಮೆಕ್ಯಾನಿಕ್ ಉತ್ತರ ಕೊಟ್ಟ. ಮದುವೆಯಾದವನು. ಬೇರೆಯವರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕಿದ ಅನುಭವ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಒಂದು ಸಲಕ್ಕೆ 50 ಡಾಲರ್ ಕೊಡುತ್ತೇವೆ ಎಂದರು ಆ ಹೆಂಗಸರು. ಆತ ಬೇಡ ಎಂದ. ಒಪ್ಪಂದದ ಕಾಗದ ತಯಾರಾಯಿತು. ಮಗುವಿನ ಮೇಲೆ ತನಗೆ ಯಾವ ಹಕ್ಕೂ ಬೇಡ ಎಂದು ಆತ ಬರೆದುಕೊಟ್ಟ. ಮಗುವಿನ ಖರ್ಚಿಗೆ ಆತನನ್ನು ಎಂದೂ ಕೇಳುವುದಿಲ್ಲ ಎಂದು ಅವರು ಬರೆದುಕೊಟ್ಟರು.

ಆಮೇಲೆ ನಡೆದದ್ದು ಬಹಳ ಸರಳ. ಆತ ಡಬ್ಬಿಯಲ್ಲಿ ವೀರ್ಯ ತಂದುಕೊಟ್ಟ. ಅವರು ಮನೆಯಲ್ಲೇ ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅದನ್ನು ಬಳಸಿಕೊಂಡರು. ಡಾಕ್ಟರ್ ಇಲ್ಲ, ಲ್ಯಾಬ್ ಇಲ್ಲ, ರಶೀದಿಯೂ ಇಲ್ಲ. ಆ ವರ್ಷ ಡಿಸೆಂಬರ್‌ನಲ್ಲಿ ಹೆಣ್ಣು ಮಗು ಹುಟ್ಟಿತು.

ಮುಂದಿನ ವರ್ಷ ಆ ಇಬ್ಬರು ಬೇರೆಯಾದರು. ಬೇರೆಯಾದರೂ ಮಗುವನ್ನು ಇಬ್ಬರೂ ಸೇರಿಯೇ ಬೆಳೆಸುತ್ತಿದ್ದರು. 2012ರ ಹೊತ್ತಿಗೆ ಹೆತ್ತ ತಾಯಿಯ ಮಾಜಿ ಸಂಗಾತಿಗೆ ಕಾಯಿಲೆ ಬಂದು ದುಡಿಯಲಾಗದಂತಾಯಿತು. ಹೆತ್ತ ತಾಯಿ ಮಗುವಿಗಾಗಿ ಸರ್ಕಾರದ ಸಹಾಯ ಕೇಳಿದಳು.

ಅಲ್ಲಿ ಸಿಕ್ಕಿಬಿದ್ದದ್ದು. ಅಮೆರಿಕದಲ್ಲಿ 1975ರಿಂದ ಒಂದು ಕೇಂದ್ರ ಕಾನೂನು ಇದೆ. ಮಗುವಿನ ಖರ್ಚನ್ನು ಸರ್ಕಾರ ಹೊತ್ತರೆ, ಮನೆಯಲ್ಲಿಲ್ಲದ ತಂದೆಯನ್ನೋ ತಾಯಿಯನ್ನೋ ಹುಡುಕಿ ಆ ಹಣ ವಸೂಲಿ ಮಾಡುವ ವ್ಯವಸ್ಥೆಯನ್ನು ಪ್ರತಿ ರಾಜ್ಯವೂ ನಡೆಸಬೇಕು. ಮಗುವಿನ ತಂದೆ ಯಾರು ಎಂದು ಅಧಿಕಾರಿಗಳು ಕೇಳಿದರು. ದಾನಿಯ ಹೆಸರು ಹೇಳಲೇಬೇಕಾಯಿತು. ಮಗುವಿಗಾಗಿ ಖರ್ಚಾದ ಸುಮಾರು 6,000 ಡಾಲರ್ ಮತ್ತು ಮುಂದಿನ ಜೀವನಾಂಶ ಇವನೇ ಕೊಡಬೇಕು, ಇವನನ್ನೇ ತಂದೆ ಎಂದು ಘೋಷಿಸಿ ಎಂದು ರಾಜ್ಯದ ಮಕ್ಕಳು ಮತ್ತು ಕುಟುಂಬಗಳ ಇಲಾಖೆ ಕೋರ್ಟಿಗೆ ಹೋಯಿತು.

ಆತ ಒಪ್ಪಂದ ತೋರಿಸಿದ. ಆ ಇಬ್ಬರು ಹೆಂಗಸರೂ ಆತನ ಪರವಾಗಿಯೇ ನಿಂತರು. 2014ರ ಜನವರಿಯಲ್ಲಿ ಜಿಲ್ಲಾ ನ್ಯಾಯಾಧೀಶರು ತೀರ್ಪು ಕೊಟ್ಟರು: ಈತ ದಾನಿಯಲ್ಲ, ತಂದೆ.

ಒಂದೇ ಒಂದು ವಾಕ್ಯ

ಕಾರಣ ಕಾನ್ಸಾಸ್ ಕಾನೂನಿನ ಒಂದು ವಾಕ್ಯ. ಅದರ ಸಾರ ಹೀಗಿದೆ: ತನ್ನ ಹೆಂಡತಿಯಲ್ಲದ ಹೆಂಗಸಿನ ಕೃತಕ ಗರ್ಭಧಾರಣೆಗಾಗಿ ಲೈಸೆನ್ಸ್ ಇರುವ ವೈದ್ಯರಿಗೆ ವೀರ್ಯ ಕೊಟ್ಟವನನ್ನು ಕಾನೂನು ಆ ಮಗುವಿನ ತಂದೆ ಎಂದು ನೋಡುವುದಿಲ್ಲ, ತಂದೆ ಎಂದು ದಾನಿಯೂ ಆ ಹೆಂಗಸೂ ಬರೆದು ಒಪ್ಪಿಕೊಂಡಿದ್ದರೆ ಮಾತ್ರ ಬೇರೆ ಮಾತು.

ಟೊಪೀಕದ ಡಬ್ಬಿ ವೈದ್ಯರಿಗೆ ಕೊಟ್ಟದ್ದಾಗಿರಲಿಲ್ಲ. ಅಷ್ಟಕ್ಕೇ ಕಾನೂನಿನ ರಕ್ಷಣೆ ಕೈತಪ್ಪಿತು. ರಕ್ಷಣೆ ಇಲ್ಲದ ಮೇಲೆ ಉಳಿದದ್ದು ಹಳೆಯ ಲೆಕ್ಕ. ಯಾರ ವೀರ್ಯವೋ ಅವನು ತಂದೆ. ಹಾಗಾದರೆ ಒಪ್ಪಂದ? ಮಗುವಿಗೆ ತಂದೆ ತಾಯಿಯಿಂದ ಪೋಷಣೆ ಪಡೆಯುವ ಹಕ್ಕಿದೆ. ಆ ಹಕ್ಕು ಮಗುವಿನದು. ದೊಡ್ಡವರು ಮೂವರು ಕೂತು ಅದನ್ನು ಬಿಟ್ಟುಕೊಡಲು ಬರುವುದಿಲ್ಲ.

ಈ ಕೊನೆಯ ಮಾತು ನನಗೆ ತಪ್ಪೆನಿಸುವುದಿಲ್ಲ. ಮಗುವಿನ ಅನ್ನವನ್ನು ಬೇರೆಯವರು ಸಹಿ ಹಾಕಿ ಕಿತ್ತುಕೊಳ್ಳಬಾರದು, ಅಲ್ವಾ? ನನಗೆ ಬೇಜಾರಾಗುವುದು ಬೇರೆ ಕಡೆ. ಆ ಮಗುವಿಗೆ ಇನ್ನೊಬ್ಬ ತಾಯಿ ಇದ್ದಳು. ಹುಟ್ಟಿದ ದಿನದಿಂದ ಎತ್ತಿ ಆಡಿಸಿದವಳು. ಇಲಾಖೆ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳನ್ನು ಬಿಟ್ಟು, ಡಬ್ಬಿ ಕೊಟ್ಟು ಹೋದವನ ಹಿಂದೆ ಬಿತ್ತು.

ಆ ವಾಕ್ಯವನ್ನು ಇನ್ನೊಂದು ಸಲ ಓದಿ. ವೈದ್ಯರೇ ಗರ್ಭಧಾರಣೆ ಮಾಡಬೇಕು ಎಂದು ಅದರಲ್ಲಿ ಇಲ್ಲ. ಕ್ಲಿನಿಕ್ಕಿನ ಮೇಜಿನ ಮೇಲೇ ಆಗಬೇಕು ಎಂದೂ ಇಲ್ಲ. ವೀರ್ಯವನ್ನು ವೈದ್ಯರಿಗೆ ಕೊಟ್ಟಿರಬೇಕು, ಅಷ್ಟೇ. ಮನೆಯಲ್ಲಿ ಮಾಡಿಕೊಂಡದ್ದೇ ತಪ್ಪು ಎಂದು ಈ ಪ್ರಕರಣದ ಬಗ್ಗೆ ಹೇಳುವವರು ಜಾಸ್ತಿ. ನಾನು ಓದಿಕೊಳ್ಳುವುದು ಬೇರೆ ರೀತಿ. ಆ ವಾಕ್ಯಕ್ಕೆ ಜಾಗ ಮುಖ್ಯವಲ್ಲ, ಕೈ ಮುಖ್ಯ. ವೀರ್ಯ ಯಾರ ಕೈ ದಾಟಿ ಆ ಮನೆಗೆ ಬಂತು ಎಂಬುದನ್ನು ಅದು ಕೇಳುತ್ತದೆ.

ಅದೇ ವಾಕ್ಯ, ತಿರುಗುಮುರುಗು

ಇದೇ ಕಾನೂನು ಇದಕ್ಕೆ ಮೊದಲೂ ಒಬ್ಬ ಗಂಡಸಿನ ಬದುಕನ್ನು ತಿರುಗಿಸಿತ್ತು, ಉಲ್ಟಾ ದಿಕ್ಕಿಗೆ. 2007ರ ಅಕ್ಟೋಬರ್‌ನಲ್ಲಿ ಕಾನ್ಸಾಸ್ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಲ್ಲಿ ಒಬ್ಬ ಮದುವೆಯಾಗದ ಹೆಂಗಸು ತನ್ನ ಸ್ನೇಹಿತನಿಂದ ವೀರ್ಯ ಪಡೆದು ವೈದ್ಯರ ಮೂಲಕ ಗರ್ಭಿಣಿಯಾದಳು. 2005ರಲ್ಲಿ ಅವಳಿ ಮಕ್ಕಳು ಹುಟ್ಟಿದವು. ಆ ಸ್ನೇಹಿತ ತಂದೆಯಾಗಿ ಬಾಳಬೇಕು ಎಂದುಕೊಂಡಿದ್ದ. ಬಾಯಿಮಾತಿನಲ್ಲಿ ಹಾಗೇ ಆಗಿತ್ತು ಎಂದು ಆತ ಕೋರ್ಟಿನಲ್ಲಿ ಹೇಳಿದ. ಆದರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ. ವೀರ್ಯ ವೈದ್ಯರ ಕೈಗೆ ಹೋಗಿದೆ, ಕಾಗದ ಇಲ್ಲ, ಹಾಗಾಗಿ ತಂದೆಯಲ್ಲ ಎಂದಿತು ಕೋರ್ಟ್. ಅಮೆರಿಕದ ಸುಪ್ರೀಂ ಕೋರ್ಟ್ ಆ ಅರ್ಜಿ ವಿಚಾರಿಸಲು ಒಪ್ಪಲಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತಂದೆಯಾಗಬೇಕು ಎಂದವನಿಗೆ ಮಕ್ಕಳು ಸಿಗಲಿಲ್ಲ, ಯಾಕೆಂದರೆ ಮಧ್ಯೆ ವೈದ್ಯರಿದ್ದರು, ಕಾಗದ ಇರಲಿಲ್ಲ. ತಂದೆಯಾಗಲಾರೆ ಎಂದವನ ತಲೆಗೆ ಮಗು ಬಂತು, ಯಾಕೆಂದರೆ ಕಾಗದ ಇತ್ತು, ವೈದ್ಯರಿರಲಿಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಎರಡೂ ಕಡೆ ಬೆಲೆ ಸಿಗಲಿಲ್ಲ.

ಕ್ಲಿನಿಕ್ ಅಥವಾ ಬ್ಯಾಂಕ್ ಮಧ್ಯೆ ಇದ್ದಿದ್ದರೆ

ಈಗ ಬೇರೆ ದಾರಿ ನೋಡೋಣ. ಅದೇ ಇಬ್ಬರು ಹೆಂಗಸರು, ಅದೇ ಮನೆ. ಆದರೆ ವೀರ್ಯ ಬರುವುದು ವೀರ್ಯ ಬ್ಯಾಂಕಿನಿಂದ, ವೈದ್ಯರ ಸಹಿಯೊಂದಿಗೆ. ಅಮೆರಿಕದಲ್ಲಿ ಇದು ನಡೆಯುತ್ತದೆ. ಹಲವು ಬ್ಯಾಂಕ್‌ಗಳು ಮನೆ ವಿಳಾಸಕ್ಕೇ ಕಳಿಸುತ್ತವೆ. ಕೆಲವು ಕಡೆ ವೈದ್ಯರ ಒಪ್ಪಿಗೆ ಪತ್ರ ಇದ್ದರೆ ಮಾತ್ರ.

ಮನೆಗೆ ಬರುವುದು ಒಂದು ದೊಡ್ಡ ಪಾತ್ರೆ, ಹಾಲಿನ ಕ್ಯಾನಿನ ಹಾಗೆ. ಗೋಡೆಯೊಳಗೆ ದ್ರವ ಸಾರಜನಕವನ್ನು ಹೀರಿಕೊಂಡ ಪದರ ಇರುತ್ತದೆ. ಅಡ್ಡ ಬಿದ್ದರೂ ಚೆಲ್ಲುವುದಿಲ್ಲ. ದ್ರವ ಸಾರಜನಕ ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ, ಹಾಗಾಗಿ ಒಳಗೆ ಅದರ ಸುತ್ತಮುತ್ತಲ ಚಳಿ. ಮುಚ್ಚಳ ತೆಗೆದರೆ ಬಿಳಿ ಹೊಗೆ ಅಂಚಿನಿಂದ ಇಳಿದು ನೆಲಕ್ಕೆ ಹರಿಯುತ್ತದೆ. ಒಳಗಿನಿಂದ ಎತ್ತಿದರೆ ಕಿರುಬೆರಳಿನಷ್ಟು ಒಂದು ವಯಲ್, ಎಂದರೆ ಪುಟ್ಟ ಸೀಸೆ. ಅದರಲ್ಲಿ ಇರುವುದು ಸುಮಾರು ಅರ್ಧ ಮಿಲಿಲೀಟರ್. ಮೊದಲ ಸಲ ನೋಡಿದವರು ಇಷ್ಟೇನಾ ಎಂದುಕೊಳ್ಳುತ್ತಾರೆ. ಒಂದು ವಯಲ್‌ಗೆ ನೂರಾರು ಡಾಲರ್, ಸಾವಿರ ದಾಟುವುದೂ ಉಂಟು. ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟ ಹಾಗೆ ಆಗುತ್ತದೆ, ಗ್ಲೌಸ್ ಬೇಕೇ ಬೇಕು.

ವಯಲ್ ಮೇಲೆ ಒಂದು ಚೀಟಿ. ದಾನಿಯ ನಂಬರ್, ಸಂಗ್ರಹಿಸಿದ ದಿನ, ಯಾವ ಬಗೆ ಎಂಬುದು ಅದರಲ್ಲಿರುತ್ತದೆ. ಬಗೆ ಎಂದರೆ ತೊಳೆದದ್ದೋ ತೊಳೆಯದ್ದೋ ಎಂದು. ತೊಳೆದದ್ದು ಎಂದರೆ ಯಂತ್ರದಲ್ಲಿ ತಿರುಗಿಸಿ ವೀರ್ಯದ ದ್ರವವನ್ನು ಬೇರೆ ಮಾಡಿ ವೀರ್ಯಾಣುಗಳನ್ನು ಉಳಿಸಿಕೊಂಡದ್ದು. ಇದನ್ನು ಕ್ಲಿನಿಕ್ಕಿನಲ್ಲಿ ನಳಿಕೆಯ ಮೂಲಕ ನೇರ ಗರ್ಭಕೋಶದೊಳಕ್ಕೆ ಬಿಡುತ್ತಾರೆ. ತೊಳೆಯದ್ದನ್ನು ಯೋನಿಯಲ್ಲಿ, ಗರ್ಭಕೋಶದ ಬಾಯಿಯ ಹತ್ತಿರ ಮಾತ್ರ ಬಿಡಬೇಕು. ಮನೆಯಲ್ಲಿ ಮಾಡಿಕೊಳ್ಳುವವರಿಗೆ ದಾರಿ ಇದೊಂದೇ, ವಯಲ್ ಯಾವ ಬಗೆಯದ್ದಾದರೂ ಸರಿ. ತೊಳೆಯದ ವೀರ್ಯ ಗರ್ಭಕೋಶದೊಳಗೆ ಹೋದರೆ ಅದರಲ್ಲಿರುವ ಪ್ರೊಸ್ಟಗ್ಲ್ಯಾಂಡಿನ್ ಎಂಬ ಅಂಶದಿಂದ ಭಯಂಕರ ಹೊಟ್ಟೆನೋವು ಬರುತ್ತದೆ, ಸೋಂಕಿನ ಭಯ ಬೇರೆ. ಮನೆಯಲ್ಲಿ ಯಾರೂ ಗರ್ಭಕೋಶದೊಳಕ್ಕೆ ನಳಿಕೆ ಹಾಕುವ ಪ್ರಯತ್ನ ಮಾಡಬಾರದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸಮಯದ ಲೆಕ್ಕವೂ ಬೇರೆ. ತಾಜಾ ವೀರ್ಯಾಣು ಹೆಂಗಸಿನ ದೇಹದಲ್ಲಿ ಮೂರರಿಂದ ಐದು ದಿನ ಬದುಕಬಹುದು. ಹೆಪ್ಪುಗಟ್ಟಿಸಿ ಕರಗಿಸಿದ್ದು ಸುಮಾರು ಒಂದು ದಿನ, ಅಷ್ಟೇ. ಬಿಡುಗಡೆಯಾದ ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ. ಎರಡೂ ಭೇಟಿಯಾಗಬೇಕಾದರೆ ಅಂಡಾಣು ಬಿಡುಗಡೆಗೆ ಮೊದಲು ಏರುವ ಹಾರ್ಮೋನನ್ನು ಮೂತ್ರದಲ್ಲಿ ಅದ್ದುವ ಪರೀಕ್ಷಾ ಪಟ್ಟಿಯಿಂದ ಕಂಡುಕೊಂಡು, ಮುಂದಿನ ಒಂದೂವರೆ ದಿನದೊಳಗೆ ಕೆಲಸ ಮುಗಿಸಬೇಕು. ಕರಗಿಸಿದ ವಯಲ್ ಅನ್ನು ಇವತ್ತು ಬೇಡ, ನಾಳೆ ನೋಡೋಣ ಎಂದು ಎತ್ತಿಡಲಾಗುವುದಿಲ್ಲ. ಒಳ್ಳೆಯ ಕ್ಲಿನಿಕ್ ವಯಲ್ ಕೊಡುವ ಮೊದಲು ಕೂರಿಸಿಕೊಂಡು ಇದನ್ನೆಲ್ಲ ವಿವರಿಸುತ್ತದೆ. ಕೈಗೆ ಕೊಟ್ಟು ಕಳಿಸಿಬಿಡುವ ಸಾಮಾನಲ್ಲ ಇದು.

ಆ ಚೀಟಿಯ ಮೇಲಿನ ದಾನಿ ನಂಬರ್ ಬಗ್ಗೆ ಒಂದು ಮಾತು. ನೋಡಲು ಅದು ಬರೀ ಅಂಕಿ. ಆದರೆ ನಾಳೆ ಅದೇ ದಾನಿಯ ವೀರ್ಯದಿಂದ ಹುಟ್ಟಿದ ಇನ್ನೊಂದು ಮಗುವಿಗೆ ವಂಶವಾಹಿ ಕಾಯಿಲೆ ಇದೆ ಎಂದು ಗೊತ್ತಾದರೆ, ಉಳಿದ ಮನೆಗಳಿಗೆ ಸುದ್ದಿ ಮುಟ್ಟಿಸುವ ದಾರಿ ಆ ಅಂಕಿಯೊಂದೇ. ಕೇಂದ್ರದ ನಿಯಮದಂತೆ ಈ ದಾಖಲೆಗಳನ್ನು ಕನಿಷ್ಠ 10 ವರ್ಷ ಇಟ್ಟಿರಬೇಕು. ಇಡೀ ಬದುಕನ್ನು ನೆನೆದರೆ 10 ವರ್ಷ ಏನೇನೂ ಅಲ್ಲ ಎಂದು ನನಗನಿಸುತ್ತದೆ. ಹುಟ್ಟಿದ ಮಗು ಕೇಳುವ ವಯಸ್ಸಿಗೆ ಬರುವುದರೊಳಗೆ ಕಡತ ಇಲ್ಲವಾಗಬಹುದು. ಕಾನ್ಸಾಸ್‌ನ ಪಕ್ಕದ ಕೊಲರಾಡೊ ರಾಜ್ಯ 2022ರಲ್ಲಿ ಇದನ್ನು ಮನಸ್ಸಿಗೆ ತೆಗೆದುಕೊಂಡಿತು. 2025ರಿಂದ ಜಾರಿಗೆ ಬಂದ ಅದರ ಕಾನೂನಿನಂತೆ, 18 ತುಂಬಿದ ಮಗು ಕೇಳಿದರೆ ದಾನಿ ಯಾರೆಂದು ತಿಳಿಯುವ ದಾರಿ ಇರಬೇಕು. ಒಬ್ಬ ದಾನಿಯಿಂದ ಎಷ್ಟು ಮಕ್ಕಳು ಎಂಬುದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಿತಿ ಅಮೆರಿಕದಲ್ಲಿಲ್ಲ. 8 ಲಕ್ಷ ಜನಸಂಖ್ಯೆಗೆ ಒಬ್ಬ ದಾನಿಯಿಂದ 25 ಹೆರಿಗೆಗಿಂತ ಹೆಚ್ಚು ಬೇಡ ಎಂದು ಅಲ್ಲಿನ ಸಂತಾನ ಚಿಕಿತ್ಸಾ ವೈದ್ಯರ ಸಂಘದ ಸಲಹೆ ಇದೆ, ಅಷ್ಟೇ.

ಪರೀಕ್ಷೆ ಯಾಕೆ ಬಂತು

ಡಬ್ಬಿಯ ದಾರಿಯಲ್ಲಿ ನನಗೆ ಅತಿ ಹೆಚ್ಚು ಭಯವಾಗುವುದು ಕೋರ್ಟಿನದ್ದಲ್ಲ, ಸೋಂಕಿನದು.

1985ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ವರದಿ ಪ್ರಕಟಿಸಿದರು. ಸಿಡ್ನಿಯಲ್ಲಿ ಒಬ್ಬನೇ ದಾನಿಯ ವೀರ್ಯದಿಂದ ನಾಲ್ಕು ಹೆಂಗಸರಿಗೆ ಎಚ್‌ಐವಿ ಸೋಂಕು ತಗುಲಿತ್ತು. ಆತನಿಗೆ ರೋಗಲಕ್ಷಣ ಇರಲಿಲ್ಲ. ನೋಡಿದರೆ ಆರೋಗ್ಯವಂತ. ಕ್ಲಿನಿಕ್ಕಿನ ಮೂಲಕವೇ ಹೀಗಾಗಿತ್ತು, ಯಾಕೆಂದರೆ ಆಗ ಪರೀಕ್ಷೆಯೇ ಇರಲಿಲ್ಲ. ಇಂಥ ಅನುಭವಗಳಿಂದಲೇ ನಿಯಮ ಬಿಗಿಯಾಯಿತು. 1988ರ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ದಾನಿಯ ವೀರ್ಯವನ್ನು ತಾಜಾ ಬಳಸಬೇಡಿ, ಹೆಪ್ಪುಗಟ್ಟಿಸಿಟ್ಟು ದಾನಿಯನ್ನು ಮತ್ತೆ ಪರೀಕ್ಷೆ ಮಾಡಿದ ಮೇಲೇ ಬಳಸಿ ಎಂದಿತು.

ಹೀಗೆ ಕಾಯಿಸುವುದು ಯಾಕೆ? ಸೋಂಕು ದೇಹಕ್ಕೆ ಸೇರಿದ ಕೂಡಲೇ ರಕ್ತಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಇವತ್ತು ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದು ಬಂದವನಿಗೆ ಹೋದ ವಾರ ಸೋಂಕು ತಗುಲಿರಬಹುದು. ಅದಕ್ಕೇ ವೀರ್ಯ ಹೆಪ್ಪುಗಟ್ಟಿ ಕಾಯುತ್ತದೆ. ಆರು ತಿಂಗಳ ಮೇಲೆ ದಾನಿ ಬಂದು ಮತ್ತೆ ರಕ್ತ ಕೊಡುತ್ತಾನೆ. ಅದರಲ್ಲೂ ಏನೂ ಇಲ್ಲದಿದ್ದರೆ ಮಾತ್ರ ಹಳೆಯ ವಯಲ್ ಹೊರಗೆ ಹೋಗುತ್ತದೆ.

2005ರ ಮೇ ತಿಂಗಳಿಂದ ಇದು ಸಲಹೆಯಾಗಿ ಉಳಿಯಲಿಲ್ಲ, ಕಾನೂನಾಯಿತು. ಆಹಾರ ಮತ್ತು ಔಷಧ ಆಡಳಿತದ ನಿಯಮ ಜಾರಿಗೆ ಬಂತು. ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಕ್ಲಮೈಡಿಯಾ, ಗೊನೋರಿಯಾ ಮುಂತಾದ ಪರೀಕ್ಷೆಗಳಾಗಬೇಕು. ಪರೀಕ್ಷೆಯ ಮಾದರಿ ವೀರ್ಯ ಕೊಟ್ಟ ದಿನದ ಏಳು ದಿನ ಹಿಂದೆ ಮುಂದೆ ತೆಗೆದದ್ದಾಗಿರಬೇಕು. ಅಪರಿಚಿತ ದಾನಿಯಾದರೆ ಆರು ತಿಂಗಳ ನಂತರದ ಮರುಪರೀಕ್ಷೆ ಕಡ್ಡಾಯ. ಪರಿಚಯದ ದಾನಿಯಾದರೆ ಪರೀಕ್ಷೆ ಇದೆ, ಆದರೆ ಆ ಆರು ತಿಂಗಳ ಕಾಯುವಿಕೆ ಕಡ್ಡಾಯವಲ್ಲ. ಗಂಡ ಹೆಂಡತಿಯರಂತೆ ದೈಹಿಕ ಸಂಬಂಧ ಇರುವವರಿಗೆ ಇದರಿಂದ ವಿನಾಯಿತಿ ಇದೆ.

ಉಚಿತವಾಗಿ ಕೊಟ್ಟರೆ ಈ ನಿಯಮ ತಟ್ಟುವುದಿಲ್ಲ ಎಂದುಕೊಂಡವರೂ ಇದ್ದಾರೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಗಂಡಸಿಗೆ ಅದೇ ಆಡಳಿತ ನಿಲ್ಲಿಸು ಎಂದು ಆದೇಶ ಕಳಿಸಿತು. ಆತ ಮಕ್ಕಳಿಲ್ಲದವರಿಗೆ ದುಡ್ಡು ತೆಗೆದುಕೊಳ್ಳದೆ ತನ್ನ ವೀರ್ಯ ಕೊಡುತ್ತಿದ್ದ, ತನ್ನ ಮನೆಯಿಂದಲೇ. ಅಧಿಕಾರಿಗಳು ಆತನ ಮನೆಯನ್ನು ವೀರ್ಯ ತಯಾರಿಸುವ ಸಂಸ್ಥೆಯ ಲೆಕ್ಕದಲ್ಲೇ ನೋಡಿದರು. ಒಬ್ಬ ಮನುಷ್ಯನನ್ನು ಕಾರ್ಖಾನೆಯಂತೆ ಕಾಣುವುದು ವಿಚಿತ್ರ ಎನಿಸಬಹುದು. ಆದರೆ ಅವನಿಂದ ವೀರ್ಯ ಪಡೆದವರ ಕಡೆಯಿಂದ ಯೋಚಿಸಿ. ಅವರಿಗೆ ಬೇಕಾದದ್ದು ಆತನ ಒಳ್ಳೆಯತನದ ಜೊತೆಗೆ ಒಂದು ಪರೀಕ್ಷೆಯ ಕಾಗದ.

ಟೊಪೀಕದ ದಾನಿಯೂ ಒಳ್ಳೆಯ ಮನಸ್ಸಿನವನೇ. ಒಳ್ಳೆಯ ಮನಸ್ಸು ರಕ್ತಪರೀಕ್ಷೆಯ ಜಾಗದಲ್ಲಿ ನಿಲ್ಲುವುದಿಲ್ಲ. ಬೇರೆ ದಾರಿಯೇ ಇಲ್ಲದೆ ಪರಿಚಯದವರಿಂದ ತಾಜಾ ವೀರ್ಯ ಪಡೆಯುತ್ತೇನೆ ಎನ್ನುವವರು ಕನಿಷ್ಠ ಲ್ಯಾಬ್‌ನ ಪೂರ್ತಿ ವರದಿಯನ್ನು ಕಣ್ಣಾರೆ ನೋಡಬೇಕು, ಕೆಲವು ತಿಂಗಳ ಅಂತರದಲ್ಲಿ ಎರಡು ಸಲ. ಕೇಳಲು ಸಂಕೋಚವಾಗುತ್ತದೆ, ನಿಜ. ಸಂಕೋಚಪಟ್ಟು ಸುಮ್ನೆ ಇರಬೇಡಿ.

ಕ್ಯಾಲಿಫೋರ್ನಿಯಾ ಕಲಿತದ್ದು

ವೈದ್ಯರ ಕೈ ದಾಟಬೇಕು ಎಂಬ ಮಾತು ಕಾನ್ಸಾಸ್ ತಾನಾಗಿ ಹುಟ್ಟಿಸಿದ್ದಲ್ಲ. 1973ರಲ್ಲಿ ರಾಜ್ಯಗಳಿಗೆಲ್ಲ ಮಾದರಿಯಾಗಿ ಬರೆದ ಪೋಷಕತ್ವ ಕಾಯ್ದೆಯಲ್ಲಿ ವೈದ್ಯರ ಮೇಲ್ವಿಚಾರಣೆ ಎಂಬ ಷರತ್ತು ಇತ್ತು. ಆ ಕಾಲಕ್ಕೆ ಅದಕ್ಕೆ ಅರ್ಥವೂ ಇತ್ತು. ದಾನಿಯ ವೀರ್ಯದಿಂದ ಮಗು ಪಡೆಯುವವರೆಂದರೆ ಮದುವೆಯಾದ ದಂಪತಿ, ಗಂಡನಿಗೆ ಮಕ್ಕಳಾಗುವುದಿಲ್ಲ, ವೈದ್ಯರ ಹತ್ತಿರ ಹೋಗುತ್ತಾರೆ ಎಂಬ ಚಿತ್ರ ಬರೆದವರ ಕಣ್ಣ ಮುಂದೆ ಇತ್ತು. ವೈದ್ಯರು ಮಧ್ಯೆ ಇದ್ದರೆ ಸಾಕ್ಷಿ ಇರುತ್ತದೆ, ಇದು ದಾನವೋ ಸಂಬಂಧವೋ ಎಂಬ ಗೊಂದಲ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲೇ ಟೊಪೀಕದಂಥದ್ದೇ ಪ್ರಕರಣ ಬಂದಿತ್ತು. ಮನೆಯಲ್ಲಿ ಮಾಡಿಕೊಂಡ ಗರ್ಭಧಾರಣೆ, ಪರಿಚಯದ ದಾನಿ, ವೈದ್ಯರಿಲ್ಲ. ಕೋರ್ಟ್ ದಾನಿಯನ್ನು ತಂದೆ ಎಂದಿತು. ಆ ರಾಜ್ಯ ಕಾನೂನನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಬಂತು. ವೈದ್ಯರ ಜೊತೆಗೆ ಲೈಸೆನ್ಸ್ ಇರುವ ವೀರ್ಯ ಬ್ಯಾಂಕ್ ಎಂಬ ಮಾತನ್ನೂ ಸೇರಿಸಿತು. ಎಂದರೆ ವೀರ್ಯವನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಸಾಕು, ಗರ್ಭಧಾರಣೆ ಮಲಗುವ ಕೋಣೆಯಲ್ಲಾದರೂ ದಾನಿ ದಾನಿಯಾಗಿಯೇ ಉಳಿಯುತ್ತಾನೆ. ಮನೆಗೆ ವೀರ್ಯ ಕಳಿಸುವ ವ್ಯವಸ್ಥೆಗೆ ಇದರಿಂದ ಕಾನೂನಿನ ಆಸರೆ ಸಿಕ್ಕಿತು. 2015ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ಗರ್ಭಧಾರಣೆಗೆ ಮೊದಲೇ ಬರೆದಿಟ್ಟ ಒಪ್ಪಂದ ಇದ್ದರೆ ವೈದ್ಯರೂ ಬ್ಯಾಂಕೂ ಇಲ್ಲದಿದ್ದರೂ ದಾನಿ ತಂದೆಯಾಗುವುದಿಲ್ಲ ಎಂದು ತಿದ್ದುಪಡಿ ಮಾಡಿದರು. 2002ರ ಹೊಸ ಮಾದರಿ ಕಾಯ್ದೆ ಆ ಹೊತ್ತಿಗಾಗಲೇ ವೈದ್ಯರ ಷರತ್ತನ್ನು ಕೈಬಿಟ್ಟಿತ್ತು. ಆದರೆ ಮಾದರಿ ಎಂದರೆ ಮಾದರಿ ಅಷ್ಟೇ. ಯಾವ ರಾಜ್ಯ ಒಪ್ಪಿಕೊಳ್ಳುತ್ತದೋ ಅಲ್ಲಿ ಮಾತ್ರ ನಡೆಯುತ್ತದೆ.

ಕ್ಯಾಲಿಫೋರ್ನಿಯಾದ ಮಧ್ಯದ ಹೆಜ್ಜೆ ನನಗೆ ತುಂಬ ಇಷ್ಟ. ಅಲ್ಲಿ ಒಂದೇ ಬಾಗಿಲಿನಲ್ಲಿ ಎರಡು ಕೆಲಸ ಆಗುತ್ತದೆ. ಬ್ಯಾಂಕಿನೊಳಗೆ ಹೋದ ವೀರ್ಯ ಪರೀಕ್ಷೆಯಾಗಿ ಬರುತ್ತದೆ, ದಾನಿ ಯಾರು, ತಂದೆ ಯಾರಲ್ಲ ಎಂಬುದೂ ಅಲ್ಲೇ ಇತ್ಯರ್ಥವಾಗುತ್ತದೆ. ಮನೆಯಲ್ಲಿ ತಮ್ಮ ಪಾಡಿಗೆ ತಾವು, ಬೇಕಾದವರ ಕೈ ಹಿಡಿದುಕೊಂಡು ಗರ್ಭಿಣಿಯಾಗಬೇಕು ಎನ್ನುವ ಆಸೆಗೂ ಜಾಗ ಉಳಿಯುತ್ತದೆ. ಕ್ಲಿನಿಕ್‌ನವರು ಮನೆಗೆ ಕೊಡುವುದೇ ಇಲ್ಲ ಎಂದು ಕೂತರೆ, ಅಥವಾ ಕೈಗೆಟುಕದ ಬೆಲೆ ಹೇಳಿದರೆ, ಆಸೆ ಇರುವವರು ಆಸೆ ಬಿಡುವುದಿಲ್ಲ. ಡಬ್ಬಿಯ ದಾರಿ ಹಿಡಿಯುತ್ತಾರೆ. ಅಲ್ಲಿ ಪರೀಕ್ಷೆಯೂ ಇಲ್ಲ, ಕಾನೂನೂ ಇಲ್ಲ.

2016

ಟೊಪೀಕಕ್ಕೆ ವಾಪಸ್ ಬರೋಣ. 2014ರ ತೀರ್ಪಿನ ಸುತ್ತಮುತ್ತ ಕಾನೂನಿನ ಗಾಳಿ ಬದಲಾಗುತ್ತಿತ್ತು. 2013ರ ಫೆಬ್ರವರಿಯಲ್ಲಿ ಕಾನ್ಸಾಸ್ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಹೆರದಿದ್ದರೂ ಮಗುವನ್ನು ತನ್ನದೆಂದು ಒಪ್ಪಿ ಬೆಳೆಸಿದ ಹೆಂಗಸು ಕಾನೂನಿನ ಪ್ರಕಾರ ತಾಯಿ ಎನಿಸಿಕೊಳ್ಳಬಹುದು ಎಂದಿತ್ತು. 2015ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೇಶದಾದ್ಯಂತ ಸಲಿಂಗಿಗಳ ಮದುವೆಗೆ ಹಕ್ಕು ಕೊಟ್ಟಿತು. ಕಾನ್ಸಾಸ್‌ನ 2005ರ ನಿಷೇಧಕ್ಕೆ ಬೆಲೆ ಇಲ್ಲವಾಯಿತು.

2016ರ ನವೆಂಬರ್‌ನಲ್ಲಿ ಜಿಲ್ಲಾ ಕೋರ್ಟ್ ದಾನಿಯನ್ನು ಬಿಡುಗಡೆ ಮಾಡಿತು. ಜೀವನಾಂಶ ಕೊಡಬೇಕಿಲ್ಲ. ಮಗುವಿನ ಎರಡನೆಯ ಪೋಷಕಿ, ಹೆತ್ತ ತಾಯಿಯ ಮಾಜಿ ಸಂಗಾತಿ.

ಪತ್ರಿಕೆಗಳಲ್ಲಿ ಇದು ದಾನಿ ಗೆದ್ದ ಸುದ್ದಿಯಾಗಿ ಬಂತು. ತೀರ್ಪಿನ ಕಾರಣ ನೋಡಿದರೆ ಸಂತೋಷದ ಜೊತೆಗೆ ಸ್ವಲ್ಪ ಕಳವಳವೂ ಆಗುತ್ತದೆ. ಒಪ್ಪಂದದ ಬಲದಿಂದ ಆತ ಪಾರಾಗಲಿಲ್ಲ. ಮನೆಯಲ್ಲಿ ಮಾಡಿಕೊಂಡದ್ದೂ ಸರಿ ಎಂದು ಕೋರ್ಟ್ ಒಪ್ಪಿ ಪಾರಾಗಲಿಲ್ಲ. ತಂದೆಯ ಜಾಗದಲ್ಲಿ ನಿಲ್ಲಲು ಇನ್ನೊಬ್ಬರು ಇದ್ದರು, ಅವರ ಹಕ್ಕು ವೀರ್ಯದ ಸಂಬಂಧಕ್ಕಿಂತ ದೊಡ್ಡದು ಎಂದಾಯಿತು. ಅದಕ್ಕೇ ಪಾರಾದ.

ಹಾಗಾದರೆ ಅದೇ ಊರಿನಲ್ಲಿ ಒಬ್ಬಳೇ ಇರುವ ಹೆಂಗಸು, ಸಂಗಾತಿ ಇಲ್ಲದವಳು, ಗೆಳೆಯನೊಬ್ಬನಿಂದ ಡಬ್ಬಿ ಪಡೆದಿದ್ದರೆ? ಅವಳ ಮಗುವಿಗೆ ತೋರಿಸಲು ಎರಡನೆಯ ಪೋಷಕರಿಲ್ಲ. ಇಲಾಖೆ ಬಂದು ಕೇಳಿದರೆ 2016ರ ತೀರ್ಪು ಆ ಗೆಳೆಯನನ್ನು ಕಾಪಾಡುವುದಿಲ್ಲ. 2014ರದ್ದು ಅವನ ಎದುರು ನಿಲ್ಲುತ್ತದೆ. ಗೆಳೆಯನೇ ಮನಸ್ಸು ಬದಲಿಸಿ ನಾನು ತಂದೆ, ನನಗೆ ಮಗು ಬೇಕು ಎಂದು ಬಂದರೂ ಅದೇ ತರ್ಕ ಅವನ ಕೈಗೆ ಸಿಗುತ್ತದೆ. ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಭಯ. ಹಣ ಹೇಗೋ ಹೊಂದಿಸಬಹುದು. ವಾರಾಂತ್ಯಕ್ಕೆ ಮಗುವನ್ನು ಕಳಿಸು ಎಂದು ಕೋರ್ಟ್ ಹೇಳಿದರೆ ಏನು ಮಾಡುವುದು?

ಅಂಥ ಹೆಂಗಸು ನನ್ನನ್ನು ಕೇಳಿದರೆ ನಾನು ಮನೆಯಲ್ಲಿ ಮಾಡಿಕೊಳ್ಳಬೇಡ ಎನ್ನುವುದಿಲ್ಲ. ಮೊದಲು ನಿನ್ನ ರಾಜ್ಯದ ಕಾನೂನಿನಲ್ಲಿ ಆ ಒಂದು ವಾಕ್ಯ ಹೇಗಿದೆ ನೋಡು ಎನ್ನುತ್ತೇನೆ. ವೈದ್ಯರು ಎಂದಿದೆಯೋ, ಬ್ಯಾಂಕ್ ಎಂದೂ ಇದೆಯೋ, ಬರೀ ಒಪ್ಪಂದ ಸಾಕು ಎಂದಿದೆಯೋ. ಗೆಳೆಯನೇ ದಾನಿಯಾಗಲಿ ಎನ್ನುವ ಆಸೆ ಇದ್ದರೆ, ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗು, ಅವನ ವೀರ್ಯವನ್ನೇ ನಿನ್ನ ಹೆಸರಿಗೆ ಸಂಗ್ರಹಿಸಿ ಇಡುತ್ತಾರೆ. ಪರೀಕ್ಷೆಯಾಗಲಿ, ಕಾಗದವಾಗಲಿ. ಆಮೇಲೆ ಆ ವಯಲ್ ನಿನ್ನ ಮನೆಗೆ ಬರಲಿ. ಖರ್ಚು ಜಾಸ್ತಿ, ಕಾಯಬೇಕು, ಹೌದು. ವಕೀಲರ ಹತ್ತಿರ ಒಂದು ಗಂಟೆ ಕೂರುವುದಕ್ಕೂ ದುಡ್ಡು ಎತ್ತಿಡು.

ಟೊಪೀಕದ ಆ ಹುಡುಗಿಗೆ ಕೊನೆಯ ತೀರ್ಪು ಬಂದಾಗ ಏಳು ತುಂಬಲು ಕೆಲವು ವಾರ ಬಾಕಿ ಇತ್ತು. ಇಲಾಖೆ ಕೋರ್ಟಿಗೆ ಹೋದಾಗ ಅವಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಆ ನಾಲ್ಕು ವರ್ಷವೂ ಅವಳನ್ನು ನೋಡಿಕೊಂಡವರು ಆ ಇಬ್ಬರು ಹೆಂಗಸರೇ.